ಸಾಯದ ಹಸು

ಬಾತಿಸ್ಕಾಂ, ಕ್ವಿಬೆಕ್
ಸೆಪ್ಟೆಂಬರ್ 14, 2024

ಪ್ರೀತಿಯ ಅಮ್ಮ,

ಕಾಗದ ನೋಡಿ ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಹೋದ ತಿಂಗಳು ಫೋನಿನಲ್ಲಿ ನಾವಿಬ್ಬರೂ ಆಡಿಕೊಂಡ ಮಾತು ನೆನೆಸಿಕೊಂಡರೆ ಸ್ವಲ್ಪ ಕಾಲ ಫೋನು ಮುಟ್ಟದಿರುವುದೇ ಮೇಲು ಅನ್ನಿಸಿತು. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲಾರೆ, ನಾನೂ ಪಟಕ್ಕನೆ ಕಟ್ ಮಾಡಲಾರೆ. ಮೈಸೂರು ಬಿಟ್ಟು ಬಂದ ಹೊಸತರಲ್ಲಿ ಭಾನುವಾರ ಬಂತೆಂದರೆ ನನ್ನನ್ನು ಕೂರಿಸಿಕೊಂಡು ಅಜ್ಜಿಗೆ ಕಾಗದ ಬರೆಸುತ್ತಿದ್ದೆಯಲ್ಲ, ಆ ಕನ್ನಡ ಇನ್ನೂ ಕೈಯಲ್ಲಿದೆ. ತಪ್ಪಿದ್ದರೆ ಸಹಿಸಿಕೊ.

ಮೆನ್ಲೋ ಪಾರ್ಕಿನ ಒಳ್ಳೆ ಸಂಬಳದ ಕೆಲಸ ಬಿಟ್ಟು ಸತ್ತ ರೈತರ ಬೆನ್ನು ಹತ್ತಿದಳು ಎಂದು ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೀಯಂತೆ. ಆ ಸತ್ತ ರೈತರು ಯಾರೆಂದಾದರೂ ಒಮ್ಮೆ ಕೇಳು. ಮುನ್ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನಿಂದ ಬಂದು ಇಲ್ಲಿನ ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ ಕಾಡು ಕಡಿದು ನೆಲೆ ನಿಂತವರು. ರಾಜ ದೊಡ್ಡ ದೊಡ್ಡ ಭಾಗಗಳನ್ನು ಸೆನ್ಯೂರ್ ಎನ್ನುವ ಧಣಿಗಳಿಗೆ ಕೊಟ್ಟ, ಧಣಿಗಳು ಇವರಿಗೆ ಹಂಚಿದರು. ಅಲ್ಲಿ ಮೊದಲೇ ಇದ್ದ ಜನರನ್ನು ಯಾರೂ ಕೇಳಲಿಲ್ಲ. ವರ್ಷಕ್ಕೊಮ್ಮೆ ಧಣಿಗೆ ಒಂದಿಷ್ಟು ದುಡ್ಡು, ಒಂದೆರಡು ಕೊಬ್ಬಿದ ಹುಂಜ ಒಪ್ಪಿಸಬೇಕು. ಗೋಧಿ ಬೀಸಲು ಅವನ ಗಿರಣಿಗೇ ಹೋಗಬೇಕು. ಆದರೂ ಇವರಿಗೆ ಜಂಬ ಬಹಳ. ರೈತ ಅಂದರೆ ಕೋಪ ಬರುತ್ತಿತ್ತಂತೆ. ನಾವು ಹಾಬಿತಾಂಗಳು, ಇಲ್ಲಿನ ನಿವಾಸಿಗಳು ಅನ್ನುತ್ತಿದ್ದರು.

ಇವರ ಜಮೀನು ನೋಡಿದರೆ ನಿನಗೆ ನಗು ಬರುತ್ತದೆ. ಎಲ್ಲ ಪಟ್ಟಿ ಪಟ್ಟಿ. ನದಿಯ ಕಡೆ ಕಿರಿದಾದ ಮುಖ, ಹಿಂದಕ್ಕೆ ಕಾಡಿನವರೆಗೂ ಉದ್ದಕ್ಕೆ ಹೋಗುತ್ತದೆ. ಆಗ ನದಿಯೇ ರಸ್ತೆ, ಎಲ್ಲರಿಗೂ ನದಿ ಬೇಕು, ಅದಕ್ಕೆ. ಮನೆಗಳು ಸಾಲಾಗಿ ದಡದಲ್ಲಿ, ಕೂಗಿದರೆ ಪಕ್ಕದವರಿಗೆ ಕೇಳಿಸುವಷ್ಟು ಹತ್ತಿರ. ನಾನಿರುವುದು ಅಂಥದೇ ಒಂದು ಪಟ್ಟಿಯ ತುದಿಯಲ್ಲಿ, ಝಿನೆತ್ ಎಂಬ ವಯಸ್ಸಾದ ವಿಧವೆಯ ಮನೆಯ ಮಹಡಿಯಲ್ಲಿ.

ನಿನ್ನೆ ನನ್ನ ಸಂಶೋಧನೆಗೆಂದು ಇವರ ಹಳೆಯ ದಸ್ತಾವೇಜುಗಳನ್ನು ಓದುವಾಗ ಒಂದು ಮಾತು ಸಿಕ್ಕಿತು. ಮುದುಕ ಮುದುಕಿ ಸೇರಿ ಜಮೀನನ್ನು ಒಬ್ಬ ಮಗನಿಗೆ ಬರೆದುಕೊಡುತ್ತಿದ್ದಾರೆ. ಅದಕ್ಕೆ ಪ್ರತಿಯಾಗಿ ಅವನು ಅವರಿಗೆ 'ಸಾಯದ ಹಸು' ಒಂದನ್ನು ಕೊಡಬೇಕಂತೆ. ಅಂದರೆ ಹಸು ಸತ್ತರೆ, ಬತ್ತಿದರೆ, ಮರುಮಾತಿಲ್ಲದೆ ಇನ್ನೊಂದು ತಂದು ಕಟ್ಟಬೇಕು. ಯಾಕೋ ನಿನಗೆ ಹೇಳಬೇಕು ಅನ್ನಿಸಿತು.

ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ, ಕೇಳುವುದಕ್ಕೆ ಮುಂಚೆ ಹೇಳಿದೆ.

ಗಾರ್ಗಿ

*

ಕ್ಯುಪರ್ಟಿನೋ
ಅಕ್ಟೋಬರ್ 6, 2024

ಚಿ. ಗಾರ್ಗಿ,

ಕ್ಷೇಮ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ. ಮಂಡಿನೋವು ಮಾತ್ರ ಆ ವಾಡಿಕೆಗೆ ಒಪ್ಪುತ್ತಿಲ್ಲ.

ನಿನ್ನ ಕಾಗದ ಬಂದ ದಿನ ನಿಮ್ಮತ್ತಿಗೆ ಹಂಸಾ ಜಂಕ್ ಮೇಲ್ ಜೊತೆ ಅದನ್ನೂ ರೀಸೈಕಲ್ ಡಬ್ಬಿಗೆ ಹಾಕಿದ್ದಳು. ಈ ಮನೆಗೆ ಯಾರಾದರೂ ಕಾಗದ ಬರೆಯುತ್ತಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು ಪಾಪ. ಅವಳ ಮಗ ಅಭಿರಾಮ್ ಸ್ಟಾಂಪು ನೋಡಿ ಎತ್ತಿಕೊಟ್ಟ. ಹನ್ನೆರಡನೇ ಕ್ಲಾಸಿನ ಹುಡುಗ, ಕನ್ನಡ ಕೈಬರಹವನ್ನು ಜಾತಕ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದ.

ನಿನ್ನ ರೈತರಿಗೆ ಹೊಳೆ ಬೇಕಾಗಿತ್ತು, ಇಲ್ಲಿಯವರಿಗೆ ಸ್ಕೂಲು ಬೇಕು. ಅಷ್ಟೇ ವ್ಯತ್ಯಾಸ ಕಣೆ. ಮನೆಯ ವಿಳಾಸ ಗಡಿಗೆರೆಯ ಈಚೆಗಿದ್ದರೆ ಒಂದು ಸ್ಕೂಲು, ಆಚೆಗಿದ್ದರೆ ಇನ್ನೊಂದು. ಅದಕ್ಕೋಸ್ಕರ ತಾನೇ ನಿಮ್ಮಣ್ಣ ಕುಶಲ್ ಸಂಸಾರ ಸಮೇತ ನನ್ನ ಮನೆಗೆ ಬಂದಿದ್ದು. ಧಣಿಯ ವಿಷಯ ಬರೆದಿದ್ದೆಯಲ್ಲ, ನಮಗೆ ವರ್ಷವರ್ಷ ಮನೆಗಂದಾಯ ಕೇಳುವ ಕೌಂಟಿಯವರೇ ಧಣಿ. ಹುಂಜ ತೆಗೆದುಕೊಳ್ಳುವುದಿಲ್ಲ ಅಷ್ಟೆ.

ಆ ಹಸುವಿನ ವಿಷಯ ಇನ್ನಷ್ಟು ಬರೆ. ಮಗ ಒಪ್ಪಿದನೇ? ಸೊಸೆ ಏನಂದಳು? ಹಸು ಅಲ್ಲದೆ ಇನ್ನೇನು ಕೇಳಿದರು? ಸುಮ್ಮನೆ ಕೇಳುತ್ತಿಲ್ಲ. ಇಪ್ಪತ್ತು ವರ್ಷ ಈ ಮನೆಯ ಹಾಲಿನಲ್ಲಿ ಡೇಕೇರು ನಡೆಸಿದವಳು ನಾನು. ಎಷ್ಟು ಮಕ್ಕಳ ಮೂಗು ಒರೆಸಿದ್ದೇನೋ ಲೆಕ್ಕವಿಲ್ಲ. ನಿಮ್ಮಪ್ಪ ಹೋದಮೇಲೆ ಅದೇ ಹಾಲಿನಲ್ಲಿ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ. ಹಂಸಾ ಒಂದು ಮಾತು ಅಂದವಳಲ್ಲ, ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೆ ಒಂದು ಲೋಟ ಕಾಫಿ ಬೇಕಾದರೂ ಅವಳ ಮೀಟಿಂಗು ಮುಗಿಯಿತೇ ಎಂದು ನೋಡಿಕೊಂಡು ಅಡುಗೆಮನೆಗೆ ಹೋಗುತ್ತೇನೆ. ನಾನು ಯಜಮಾನಿಯೋ, ಬಂದ ನೆಂಟಳೋ ಗೊತ್ತಾಗುತ್ತಿಲ್ಲ.

ಊಟ ಬಿಡಬೇಡ. ಅಲ್ಲಿ ಬೇಳೆ ಸಿಗುತ್ತದೆಯೇ?

ನಿನ್ನ ಅಮ್ಮ

*

ಬಾತಿಸ್ಕಾಂ
ಅಕ್ಟೋಬರ್ 27, 2024

ಅಮ್ಮ,

ನನ್ನ ಕೆಲಸದ ಬಗ್ಗೆ ನೀನಾಗಿ ಪ್ರಶ್ನೆ ಕೇಳಿದ್ದು ಇದೇ ಮೊದಲು. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಇವರ ಕಾನೂನಿನ ಪ್ರಕಾರ ಗಂಡು ಹೆಣ್ಣು ಅನ್ನದೆ ಎಲ್ಲ ಮಕ್ಕಳಿಗೂ ಸಮಪಾಲು. ಒಳ್ಳೆಯದೇ. ಆದರೆ ಮನೆಗೆ ಹತ್ತು ಮಕ್ಕಳು, ಎಲ್ಲರಿಗೂ ನದಿ ಬೇಕು ಎಂದು ಉದ್ದಕ್ಕೆ ಸೀಳುತ್ತಾ ಹೋದರೆ ಏನಾಗಬೇಕು? ಗಾಡಿ ತಿರುಗಿಸಲೂ ಜಾಗವಿಲ್ಲದ ಪಟ್ಟಿ ಉಳಿಯುತ್ತದೆ. ಅದಕ್ಕೆ ತಂದೆತಾಯಿ ಬದುಕಿರುವಾಗಲೇ ಇಡೀ ಜಮೀನನ್ನು ಒಬ್ಬರಿಗೆ ಕೊಡುತ್ತಿದ್ದರು. ಪಡೆದವನು ಉಳಿದವರಿಗೆ ಏನಾದರೂ ಕೊಟ್ಟು ಸಮಾಧಾನ ಮಾಡಬೇಕು, ಅಪ್ಪ ಅಮ್ಮನನ್ನು ಕೊನೆಯವರೆಗೆ ಸಾಕಬೇಕು.

ಸಾಕುವುದು ಎಂದರೆ ಸುಮ್ಮನೆ ಸಾಕುವುದಲ್ಲ. ನೋಟರಿಯ ಮುಂದೆ ಕೂತು ಒಂದೊಂದೂ ಹೇಳಿ ಬರೆಸುತ್ತಿದ್ದರು. ಒಲೆಯ ಪಕ್ಕ ಜಾಗ. ಸೌದೆ ಕೊಟ್ಟರೆ ಸಾಲದು, ಸೀಳಿ ಬಾಗಿಲ ಹತ್ತಿರ ತಂದಿಡಬೇಕು. ಭಾನುವಾರ ಚರ್ಚಿಗೆ ಕುದುರೆ ಕಟ್ಟಿಕೊಡಬೇಕು, ಮುಖ ಸಿಂಡರಿಸದೆ. ಹೌದು, ಒಬ್ಬಳು ಹಾಗೆಯೇ ಬರೆಸಿದ್ದಾಳೆ. ಕಾಯಿಲೆ ಬಿದ್ದರೆ ವೈದ್ಯನನ್ನೂ ಪಾದ್ರಿಯನ್ನೂ ಕರೆತಂದು, ವಾಪಸು ಬಿಟ್ಟು ಬರಬೇಕು. ಸತ್ತಮೇಲೆ ಪ್ರಾರ್ಥನೆ ಮಾಡಿಸಬೇಕು.

ನನ್ನ ಪ್ರೊಫೆಸರು ಇದನ್ನು ಅಪನಂಬಿಕೆ ಅನ್ನುತ್ತಾರೆ. ಹೆತ್ತ ಮಗ ಸೌದೆ ತಂದುಕೊಡುತ್ತಾನೆಂಬ ಭರವಸೆಯೂ ಇಲ್ಲದ್ದಕ್ಕೆ ಬರೆಸಿಕೊಂಡರು ಎಂದು. ಝಿನೆತ್ ಕೇಳಿ ನಕ್ಕಳು. ಕೇಳಲು ನಾಚಿಕೆಯಾಗುವುದನ್ನೆಲ್ಲ ಒಂದೇ ಸಲ ಕೇಳಿ ಮುಗಿಸುತ್ತಿದ್ದರು, ಅಷ್ಟೇ ಅಂದಳು. ಇದು ಪ್ರೀತಿಯೋ ಭಯವೋ ನನಗಂತೂ ತಲೆಬುಡ ತಿಳಿಯುತ್ತಿಲ್ಲ. ಬೆಳಗ್ಗೆ ಒಂದು ಅನ್ನಿಸುತ್ತದೆ, ಸಂಜೆ ಇನ್ನೊಂದು.

ಬೇಳೆ ಸಿಗುತ್ತದೆ. ಹುಣಸೆಹಣ್ಣಿಗೆ ಮಾಂಟ್ರಿಯಲ್‌ಗೆ ಹೋಗಬೇಕು.

ಪ್ರೀತಿಯಿಂದ,
ಗಾರ್ಗಿ

*

ಕ್ಯುಪರ್ಟಿನೋ
ಡಿಸೆಂಬರ್ 3, 2024

ಚಿ. ಗಾರ್ಗಿ,

ಒಂದು ಎಡವಟ್ಟಾಗಿದೆ. ನನ್ನಿಂದ ಆದದ್ದೋ, ನಿನ್ನ ಮುದುಕಿಯರಿಂದ ಆದದ್ದೋ ನೀನೇ ಹೇಳು.

ಝಿನೆತ್ ಹೇಳಿದ ಮಾತು ನನ್ನ ಮನಸ್ಸಿಗೆ ನಾಟಿಬಿಟ್ಟಿತು. ಕೇಳಲು ನಾಚಿಕೆಯಾಗುವುದನ್ನೆಲ್ಲ ಒಂದೇ ಸಲ ಕೇಳಿ ಮುಗಿಸುವುದು. ಎಷ್ಟು ಒಳ್ಳೆಯ ಏರ್ಪಾಡು! ಕುಶಲ್ ಹೇಗೂ ಈ ಮನೆಯಲ್ಲಿದ್ದಾನೆ, ಮನೆ ಅವನಿಗೇ ಬರೆದುಕೊಟ್ಟುಬಿಡೋಣ, ನನಗೆ ಬೇಕಾದ್ದನ್ನು ಕೇಳಿ ನಿಶ್ಚಿಂತೆಯಾಗಿರೋಣ ಅಂದುಕೊಂಡೆ. ಥ್ಯಾಂಕ್ಸ್‌ಗಿವಿಂಗ್ ದಿನ ಎಲ್ಲರೂ ಮನೆಯಲ್ಲಿದ್ದರು. ಬಿಸಿಬೇಳೆಬಾತು ಬಡಿಸಿ, ಕನ್ನಡಕ ಹಾಕಿಕೊಂಡು, ಬರೆದಿಟ್ಟಿದ್ದ ಪಟ್ಟಿಯನ್ನು ಓದಿದೆ.

ಜಾಸ್ತಿ ಏನೂ ಬರೆದಿರಲಿಲ್ಲ. ಬೆಳಗಿನ ಕಾಫಿಗೆ ನಿನ್ನೆಯ ಡಿಕಾಕ್ಷನ್ ಆಗಕೂಡದು. ಶನಿವಾರ ಸನ್ನಿವೇಲ್ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು, ಗಡಿಯಾರ ನೋಡಿಕೊಳ್ಳಬಾರದು. ಚಳಿಗಾಲದಲ್ಲಿ ಹೀಟರ್ ಎಷ್ಟಿರಬೇಕೆಂದು ನಾನು ಹೇಳುತ್ತೇನೆ. ಡಾಕ್ಟರು ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳಬೇಕು, ಪೂರ್ತಿ ಹೇಳಬೇಕು. ಅಡುಗೆಮನೆಯಲ್ಲಿ ಒಂದು ಒಲೆ, ಒಂದು ಶೆಲ್ಫು ನನ್ನದು. ಹಸುವಿನ ಜಾಗದಲ್ಲಿ ಕಾರು ಬರೆದೆ, ಕೆಟ್ಟರೆ ಬೇರೆಯದು ತರತಕ್ಕದ್ದು ಅಂತ. ನಗುತ್ತಾರೆ ಅಂದುಕೊಂಡೇ ಬರೆದದ್ದು.

ಅಭಿರಾಮ್ ನಕ್ಕ. "ಅಜ್ಜಿ, ದಿಸ್ ಈಸ್ ಸೋ ಗುಡ್" ಅಂದ. ಅವನಪ್ಪ ನಗಲಿಲ್ಲ. ಹಂಸಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಅತ್ತೆ, ಇಷ್ಟು ದಿನ ನಾನು ನಿಮಗೆ ಊಟ ಹಾಕಿದ್ದು ಯಾವ ಅಗ್ರಿಮೆಂಟಿಗೆ?" ಅಂದಳು.

ಕುಶಲ್ ಎದ್ದು ಗರಾಜಿಗೆ ಹೋದ. ಆಮೇಲೆ ಯಾರೂ ಪಾಯಸ ಮುಟ್ಟಲಿಲ್ಲ. ಈಗ ಹಂಸಾ ದಿನಾ ಬೆಳಗ್ಗೆ ಹೊಸ ಡಿಕಾಕ್ಷನ್ ಹಾಕಿ, ಲೋಟ ನನ್ನ ಮುಂದೆ ಇಟ್ಟು, ಮಾತಿಲ್ಲದೆ ಹೋಗುತ್ತಾಳೆ. ಕೇಳಿದ್ದು ಸಿಕ್ಕಿತು, ಕುಡಿಯಲು ಆಗುತ್ತಿಲ್ಲ. ನನಗೆ ಅಳು ಬರುತ್ತದೆ ಕಣೆ. ಮನೆಯನ್ನೇ ಕೊಡುತ್ತೇನೆ ಅಂದವಳು ನಾನು, ಏನೋ ಕಸಿದುಕೊಂಡವಳ ಹಾಗೆ ನೋಡುತ್ತಾರೆ. ಏನು ತಪ್ಪಾಯಿತು?

ಅಮ್ಮ

*

ಬಾತಿಸ್ಕಾಂ
ಡಿಸೆಂಬರ್ 19, 2024

ಅಮ್ಮ,

ಅತ್ತಿಗೆಗೆ ಯಾಕೆ ನೋವಾಯಿತೆಂದು ನಿನಗೆ ತಿಳಿಯದಿದ್ದರೆ ನಾನು ಹೇಳಿ ತಿಳಿಯುವುದಿಲ್ಲ.

ಆ ದಸ್ತಾವೇಜುಗಳಲ್ಲಿ ಇನ್ನೊಂದು ಮಾತೂ ಇರುತ್ತದೆ. ನಿನಗೆ ಬರೆಯುವ ಅಗತ್ಯವಿದೆ ಎಂದು ಆಗ ಅನ್ನಿಸಿರಲಿಲ್ಲ. ಮದುವೆಯಾಗದ ಮಗಳಿದ್ದರೆ ಅವಳಿಗೂ ಒಂದು ಸಾಲು. ಅವಳು ಇದೇ ಮನೆಯಲ್ಲಿ ಇರಬಹುದು, ಇಲ್ಲೇ ಉಣ್ಣಬಹುದು, ಅವಳ ಮಂಚವನ್ನು ಯಾರೂ ತೆಗೆಯಕೂಡದು ಎಂದು. ಓದು ಬಾರದ ಆ ಮುದುಕಿಯರು, ಹೆಬ್ಬೆಟ್ಟಿನ ಬದಲು ಶಿಲುಬೆಯ ಗುರುತು ಹಾಕುತ್ತಿದ್ದವರು, ಅದನ್ನು ಮರೆಯುತ್ತಿರಲಿಲ್ಲ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಕಾಫಿಗೂ ಕಾರಿಗೂ ಜಾಗವಿದೆ. ನಾನೆಲ್ಲಿದ್ದೇನೆ?

ಮನೆ ಅಣ್ಣನಿಗೆ ಕೊಡು, ನನಗೆ ಪಾಲು ಬೇಡ. ಅದಲ್ಲ ನಾನು ಕೇಳುತ್ತಿರುವುದು.

ಗಾರ್ಗಿ

*

ಕ್ಯುಪರ್ಟಿನೋ
ಫೆಬ್ರವರಿ 9, 2025

ಗಾರ್ಗಿ,

ಇಷ್ಟು ದಿನ ಬರೆಯಲಿಲ್ಲ. ಕೋಪ ಇತ್ತು. ಕೋಪ ಇಳಿದಮೇಲೆ ಏನು ಬರೆಯಬೇಕೆಂದು ತಿಳಿಯಲಿಲ್ಲ.

ಆಗಸ್ಟಿನಲ್ಲಿ ಫೋನಿನಲ್ಲಿ ನೀನು ಏನಂದೆ? ಆ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ, ಇನ್ನು ಅಲ್ಲಿಗೆ ಬಂದು ಇರುವುದಿಲ್ಲ ಅಂದೆ. ನಾನು ನಂಬಿದೆ. ಮಗಳು ಹೇಳಿದ್ದನ್ನು ನಂಬಿದ್ದು ತಪ್ಪೇ? ನಿನ್ನನ್ನು ಮರೆತೆ ಅಂದುಕೊಂಡಿದ್ದೀಯ. ನಿನ್ನ ಹೆಸರು ಬರೆದರೆ ನಿನಗೇ ಸಿಟ್ಟು ಬರುತ್ತದೆ ಅಂದುಕೊಂಡು ಬಿಟ್ಟೆ. ನಾನು ಏರಿಗೆ ಎಳೆದರೆ ನೀನು ನೀರಿಗೆ ಎಳೆಯುತ್ತೀಯ, ಹುಟ್ಟಿದಾಗಿನಿಂದ ಇದೇ ಆಯಿತು.

ಅದಿರಲಿ, ಇಲ್ಲಿಯ ಸುದ್ದಿ ಕೇಳು. ಹೋದ ಭಾನುವಾರ ಸಾಂಟಾ ಕ್ಲಾರಾದಿಂದ ಗ್ರೋಸರಿ ತೆಗೆದುಕೊಂಡು ವಾಪಸು ಹೊರಡುವಾಗ ಕುಶಲ್ ಕಾರನ್ನು ಪಾರ್ಕಿಂಗಿನಲ್ಲೇ ನಿಲ್ಲಿಸಿಕೊಂಡು ಕೂತ. ಅವನಿಗೆ ದೂರದ ಆಸ್ಟಿನ್‌ನಿಂದ ಕರೆ ಬರತೊಡಗಿ ಎರಡು ವರ್ಷವಾಗಿದೆಯಂತೆ. ದೊಡ್ಡ ಕೆಲಸ. ಹಂಸಾಳ ಅಕ್ಕನೂ ಅಲ್ಲೇ ಇದ್ದಾಳೆ. ಪ್ರತಿಸಲವೂ ಆಗುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದಾನೆ. ಯಾಕೋ ಅಂದೆ.

"ಅಮ್ಮ, ನಾವು ಇಲ್ಲಿರೋದೇ ನಿನಗೋಸ್ಕರ" ಅಂದ.

"ನಾನು ಇಲ್ಲಿರೋದು ನಿನ್ನ ಮಗನ ಸ್ಕೂಲಿಗೋಸ್ಕರ ಕಣೋ" ಅಂದೆ.

ನಿಮ್ಮಪ್ಪ ತೀರಿಕೊಂಡ ವರ್ಷವೇ ದೇವಸ್ಥಾನದ ಹತ್ತಿರ ಒಂದು ಪುಟ್ಟ ಅಪಾರ್ಟ್‌ಮೆಂಟು ನೋಡಿಕೊಂಡು ಹೋಗಬೇಕೆಂದಿದ್ದೆ ನಾನು. ಅಷ್ಟರಲ್ಲಿ ಅಭಿರಾಮನ ಸ್ಕೂಲಿಗೆ ಈ ವಿಳಾಸ ಬೇಕು ಅಂದರು, ನಿಂತೆ. ಅಮ್ಮನಿಗೆ ಒಂಟಿತನ ಆಗಬಾರದೆಂದು ಅವರು ನಿಂತರು. ನಾನು ಉಪಕಾರ ಮಾಡುತ್ತಿದ್ದೇನೆ ಎಂದು ನಾನು, ತಾವು ಮಾಡುತ್ತಿದ್ದೇವೆ ಎಂದು ಅವರು. ಅದರ ಮೇಲೆ ನಾನು ಹೋಗಿ ಷರತ್ತು ಓದಿದೆ! ಹಂಸಾ ಸೌಟು ಎಸೆಯದಿದ್ದದ್ದೇ ದೊಡ್ಡದು. ಆ ದಿನ ಸಂಜೆ ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಅತ್ತೆವು. ಈಗ ನಿನ್ನೆಯ ಡಿಕಾಕ್ಷನ್ನಿನಲ್ಲೇ ಕಾಫಿ ಕುಡಿಯುತ್ತಿದ್ದೇವೆ, ರುಚಿಯಾಗಿಯೇ ಇದೆ.

ಜೂನ್‌ನಲ್ಲಿ ಹುಡುಗನ ಸ್ಕೂಲು ಮುಗಿಯುತ್ತದೆ. ಅವರು ಆಸ್ಟಿನ್‌ಗೆ ಹೋಗುವುದು ಖಾಯಂ. ನೀನೂ ಬಾ ಅಮ್ಮ ಅನ್ನುತ್ತಾರೆ, ಇಬ್ಬರೂ ಮನಸ್ಸಿನಿಂದಲೇ ಅನ್ನುತ್ತಾರೆ. ಹೋಗಲೇ? ಇಲ್ಲೇ ಇರಲೇ? ಮನೆ ಮಾರಲೇ? ಎಲ್ಲರೂ ನಿನಗೇನು ಬೇಕು ಹೇಳು ಹೇಳು ಅನ್ನುತ್ತಿದ್ದಾರೆ. ಇಷ್ಟು ವರ್ಷ ಯಾರಿಗೋಸ್ಕರವೋ ಇದ್ದು ಅಭ್ಯಾಸ, ನನಗೇನು ಬೇಕೆಂದು ನನಗೇ ತಿಳಿಯುತ್ತಿಲ್ಲ.

ಅಮ್ಮ

*

ಬಾತಿಸ್ಕಾಂ
ಮಾರ್ಚ್ 22, 2025

ಪ್ರೀತಿಯ ಅಮ್ಮ,

ಹೌದು, ಹಾಗೆ ಅಂದಿದ್ದೆ. ನೀನು ಇಲ್ಲಮ್ಮ ಬಾ ಅನ್ನುತ್ತೀಯ ಎಂದುಕೊಂಡು ಅಂದಿದ್ದೆ. ನೀನು ಸರಿ ಅಂದುಬಿಟ್ಟೆ.

ನದಿಯ ಮೇಲಿನ ಮಂಜುಗಡ್ಡೆ ಒಡೆಯಲು ಶುರುವಾಗಿದೆ. ನನ್ನ ಇಲ್ಲಿಯ ಕೆಲಸ ಮೇ ತಿಂಗಳಿಗೆ ಮುಗಿಯುತ್ತದೆ. ಇನ್ನು ಪ್ರಬಂಧ ಬರೆಯುವುದು ಬಾಕಿ, ಅದನ್ನು ಎಲ್ಲಿ ಕೂತಾದರೂ ಬರೆಯಬಹುದು. ನಿನ್ನಲ್ಲಿಗೆ ಹತ್ತಿರ, ಹೇವರ್ಡ್ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಗುವ ಹಾಗಿದೆ. ಬಂದು ನಿನ್ನ ಜೊತೆ ಇರಲೇ? ಕೇಳುತ್ತಿರುವುದು ಮನೆಯನ್ನೋ ನಿನ್ನನ್ನೋ ಎಂದು ನನ್ನನ್ನೇ ಕೇಳಿಕೊಂಡೆ. ಮನೆ ಮಾರಿದರೆ ಮಾರು, ಅಪಾರ್ಟ್‌ಮೆಂಟಿಗೇ ಬರುತ್ತೇನೆ ಅನ್ನಿಸಿತು. ಹಾಗಾದರೆ ನಿನ್ನನ್ನೇ ಇರಬೇಕು.

ಆದರೆ ನನಗೆ ಹೆದರಿಕೆ. ನಾವಿಬ್ಬರೂ ಒಂದು ವಾರ ನೆಟ್ಟಗೆ ಒಂದೇ ಸೂರಿನಡಿ ಇದ್ದದ್ದಿಲ್ಲ. ಹೋದ ಸಲ ಡಿಶ್‌ವಾಷರಿನಲ್ಲಿ ಪಾತ್ರೆ ಜೋಡಿಸುವುದಕ್ಕೇ ಜಗಳ ಶುರುವಾಗಿ ಅಪ್ಪನ ತಿಥಿಯವರೆಗೆ ಹೋಯಿತು.

ಹೋದ ವಾರ ಒಬ್ಬ ವಿಧವೆಯ ದಸ್ತಾವೇಜು ಓದಿದೆ. ಅವಳು ಜಮೀನು ಕೊಟ್ಟದ್ದು ಮಗಳಿಗೆ. ಕೊನೆಯಲ್ಲಿ ಒಂದು ಷರತ್ತು ಬರೆಸಿದ್ದಾಳೆ: ತಾಯಿಗೂ ಮಗಳಿಗೂ ಹೊಂದದೆ ಹೋದ ಪಕ್ಷದಲ್ಲಿ ತಾಯಿ ಬೇರೆ ಕಡೆ ಹೋಗಿ ಇರಬಹುದು, ಮಗಳು ಅಲ್ಲಿಗೇ ಅವಳ ಹಿಟ್ಟು, ಬೆಣ್ಣೆ, ಸೌದೆ ಕಳಿಸಿಕೊಡಬೇಕು. ಇಂಥ ಷರತ್ತು ಇನ್ನೂ ಹಲವರು ಬರೆಸಿದ್ದಾರೆ. ಇದನ್ನು ಓದಿ ನನಗೆ ಎಷ್ಟೋ ಧೈರ್ಯ ಬಂತು. ನಾವೂ ಹಾಗೆ ಒಂದು ಮಾತು ಮಾಡಿಕೊಳ್ಳೋಣ. ನಮಗೆ ಹೊಂದದಿದ್ದರೆ ನಾನು ಸಾಂಟಾ ಕ್ಲಾರಾದಲ್ಲಿ ರೂಮು ಹಿಡಿಯುತ್ತೇನೆ, ಭಾನುವಾರ ಭಾನುವಾರ ಬಂದು ಹೋಗುತ್ತೇನೆ. ಯಾರ ತಪ್ಪೂ ಇಲ್ಲ, ಯಾರಿಗೂ ಬೇಜಾರಿಲ್ಲ.

ಬೇಡ ಅನ್ನುವುದಾದರೆ ಬೇಡ ಎಂದೇ ಬರೆ. ಈ ಸಲ ನಾನೂ ನೀನು ಹೇಳಿದ್ದನ್ನೇ ನಂಬುತ್ತೇನೆ.

ನಿನ್ನ
ಗಾರ್ಗಿ

*

ಕ್ಯುಪರ್ಟಿನೋ
ಏಪ್ರಿಲ್ 11, 2025

ಚಿ. ಗಾರ್ಗಿ,

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಕುಶಲ್‌ಗೆ ಹೇಳಲಿಲ್ಲ, ಹಂಸಾಗೂ ಹೇಳಲಿಲ್ಲ. ಅವರಿಗೆ ಹೇಳಿದರೆ ಒಳ್ಳೆಯದೇ ಆಯಿತು ಅನ್ನುತ್ತಾರೆ, ಆಮೇಲೆ ನಾನು ಅವರಿಗೋಸ್ಕರ ಒಪ್ಪಿದೆನೋ ನನಗೋಸ್ಕರ ಒಪ್ಪಿದೆನೋ ಮತ್ತೆ ಗೊಂದಲ.

ಹಿತ್ತಲಲ್ಲಿ ಕೂತು ಯೋಚನೆ ಮಾಡಿದೆ. ಆಸ್ಟಿನ್‌ಗೆ ಹೋದರೆ ಸುಖವಾಗಿರುತ್ತೇನೆ. ಅದರಲ್ಲಿ ಅನುಮಾನವಿಲ್ಲ. ಹಂಸಾ ನನ್ನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾಳೆ. ನೀನು ಬಂದರೆ ಏನಾಗುತ್ತದೆ ಎಂಬುದೂ ಗೊತ್ತು. ನೀನು ಹನ್ನೊಂದು ಗಂಟೆಗೆ ಏಳುತ್ತೀಯ. ಅಡುಗೆಮನೆ ತುಂಬ ಪುಸ್ತಕ ಹರಡುತ್ತೀಯ. ನಾನು ಸುಮ್ಮನಿರಬೇಕೆಂದು ಹಲ್ಲು ಕಚ್ಚಿಕೊಂಡು, ಮೂರನೇ ದಿನಕ್ಕೆ ಬಾಯಿ ಬಿಡುತ್ತೇನೆ. ನೀನು ಬಾಗಿಲು ಹಾಕಿಕೊಳ್ಳುತ್ತೀಯ. ಇದೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೂ ನಿನ್ನ ಕಾಗದ ಓದಿದಾಗಿನಿಂದ ಮಂಡಿನೋವು ಕೂಡ ನೆನಪಿಗೆ ಬರಲಿಲ್ಲ. ಇದಕ್ಕೆ ಏನು ಹೇಳುತ್ತೀ?

ಮನೆ ಇಟ್ಟುಕೊಳ್ಳುವುದೋ ಮಾರುವುದೋ, ಅಪಾರ್ಟ್‌ಮೆಂಟೋ ಇನ್ನೊಂದೋ, ನನಗಿನ್ನೂ ಗೊತ್ತಿಲ್ಲ. ಅದು ಹೇಗಾದರೂ ಆಗಲಿ. ನೀನು ಹೇಳಿದ ಆ ಷರತ್ತಿಗೆ ಮಾತ್ರ ನಾನು ಒಪ್ಪುವುದಿಲ್ಲ, ಅದನ್ನು ತೆಗೆದುಬಿಡು. ಹೊಂದದಿದ್ದರೆ, ಹೊಂದದಿದ್ದರೆ ಅಂತ ಬರೆದಿದ್ದೀಯ. ಅದರಲ್ಲಿ ಅನುಮಾನ ಎಲ್ಲಿದೆ? ನಮಗೆ ಹೊಂದುವುದಿಲ್ಲ ಕಣೆ, ನಲವತ್ತು ವರ್ಷದಿಂದ ಹೊಂದಿಲ್ಲ. ಅದಕ್ಕಾಗಿ ರೂಮು ಹಿಡಿಯುವುದೇನೂ ಬೇಡ. ಹೊಂದದೆಯೇ ಇರೋಣ, ಬಾ.

ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ಫ್ರೀವೇ ಮೇಲೆ ಓಡಿಸಿ ಬಹಳ ದಿನವಾಯಿತು, ಬಲಗಡೆ ಲೇನಿನಲ್ಲೇ ನಿಧಾನವಾಗಿ ಬರುತ್ತೇನೆ. ತಡವಾದರೆ ಕಾಯಿ.

ನಿನ್ನ
ಅಮ್ಮ